ಹೇಳಿಕೊಡುವುದು

ವಾರ್ಷಿಕ ಸಂಚಿಕೆಗೆ ಇತಿಹಾಸ ವಿಷಯದ ಮೇಲೊಂದು ಲೇಖನ ಬೇಕೆಂದು ಸಂಪಾದಕ ಮಂಡಲಿಯ ವಿದ್ಯಾರ್ಥಿಗಳು ಬಂದು ಕೇಳಿದರು. ಹರಪನಹಳ್ಳಿಯ ಪಾಳೆಯಗಾರರಾದರೂ ಆದೀತು, ಉಚ್ಚಂಗಿದುರ್ಗವಾದರೂ ಆದೀತು, ಕೂಡ್ಲಿಗಿಯಲ್ಲಿರುವ ಗಾಂಧೀಜಿಯವರ ಚಿತಾಭಸ್ಮದ ಸ್ಮಾರಕವಾದರೂ ಆದೀತು ಎಂದು ಉದಾರವಾಗಿ ಸೂಚನೆಗಳನ್ನೂ ಕೊಟ್ಟರು. ನಾನೂ ತಲೆಯಾಡಿಸಿದೆ. ಆದರೆ ಬರೆಯಲು ಕುಳಿತ ಮೇಲೆ ಪಾಳೆಯಗಾರರು ಬರಲಿಲ್ಲ. ನನ್ನ ಸೋದರಮಾವ ಬಂದು ಕುಳಿತುಬಿಟ್ಟ. ಅವನನ್ನು ಎಬ್ಬಿಸಿ ಕಳಿಸುವುದು ನನ್ನಿಂದಾಗಲಿಲ್ಲ. ವಾಚಕರು ಕ್ಷಮಿಸಬೇಕು. ಲೇಖನದಲ್ಲಿ ಇತಿಹಾಸವೂ ಸ್ವಲ್ಪ ಉಂಟು, ಅದರಿಂದಲೇ ಆರಂಭಿಸುತ್ತೇನೆ.

ಮಳೆಗಾಲದ ಒಂದು ಮಧ್ಯಾಹ್ನ ಬಿ.ಎ. ತರಗತಿಗೆ ಲಾರ್ಡ್ ವಿಲಿಯಂ ಬೆಂಟಿಂಕನ ಸುಧಾರಣೆಗಳ ಪಾಠ ಹೇಳುತ್ತಿದ್ದೆ. ಊಟವಾದ ಮೇಲಿನ ತರಗತಿ. ಅರ್ಧ ಮಂದಿ ಬೆಂಟಿಂಕನನ್ನು ಕನಸಿನಲ್ಲಿಯೇ ಕಾಣುತ್ತಿದ್ದರೆಂದು ತೋರುತ್ತದೆ. ಸತಿ ಪದ್ಧತಿಯ ನಿಷೇಧ ಮುಗಿದು ಠಕ್ಕರ ದಮನಕ್ಕೆ ಬಂದಾಗ ಎಲ್ಲರೂ ಎಚ್ಚತ್ತರು. ಕೊಲೆಯ ಕಥೆಗೆ ಆ ಶಕ್ತಿ ಇದ್ದೇ ಇದೆ. ಪ್ರಯಾಣಿಕರ ಜೊತೆಗೂಡಿ, ಗೆಳೆತನ ಬೆಳೆಸಿ, ಒಂದೇ ಒಲೆಯಲ್ಲಿ ಬೇಯಿಸಿಕೊಂಡು ಉಂಡು, ಸಮಯ ನೋಡಿ ಕುತ್ತಿಗೆಗೆ ವಸ್ತ್ರ ಬಿಗಿದು ಕೊಂದು, ಹೆಣ ಹೂತು, ಸೊತ್ತನ್ನು ಹಂಚಿಕೊಂಡು ಹೋಗುತ್ತಿದ್ದರೆಂದು ಹೇಳಲಾಗುವ ಆ ಗುಂಪುಗಳು ನಮ್ಮ ಸೀಮೆಗೂ ಹೊಸವಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಸ್ವಲ್ಪ ಕಾಲದಲ್ಲೇ ಬೆಂಗಳೂರಿನ ಸುತ್ತಮುತ್ತ ಇಂಥವರನ್ನು ನೂರರಷ್ಟು ಹಿಡಿದಿದ್ದರು. ಮದರಾಸಿನ ವೈದ್ಯ ರಿಚರ್ಡ್ ಶೆರ್ವುಡ್ 1816ರಲ್ಲಿ ಇವರ ಬಗ್ಗೆ ಬರೆದಾಗ, ಕನ್ನಡದಲ್ಲಿ ಇವರನ್ನು ‘ತಂತಿ ಕಳ್ಳರು’ ಎನ್ನುತ್ತಾರೆಂದು ಗುರುತು ಹಾಕಿಕೊಂಡಿದ್ದಾನೆ. ತಂತಿಯ ಉರುಲು ಹಾಕುವ ಕಳ್ಳರು ಎಂದು ಅರ್ಥ. ಎಂಥ ಅಚ್ಚುಕಟ್ಟಾದ ಮಾತು! ಅದು ಈಗ ನಮ್ಮ ಬಾಯಲ್ಲಿ ಇಲ್ಲ. ವಿದ್ಯುತ್ ತಂತಿ ಕದಿಯುವವರಿಗೆ ಮಾತ್ರ ಒಪ್ಪೀತು.

ಈ ಗುಂಪುಗಳು ಮುರಿದದ್ದು ಸೈನ್ಯದ ಬಲದಿಂದಲ್ಲ. ಕ್ಯಾಪ್ಟನ್ ಸ್ಲೀಮನ್ ಎಂಬ ಅಧಿಕಾರಿ ಸಿಕ್ಕವರಲ್ಲಿ ಕೆಲವರಿಗೆ ಜೀವದಾನದ ಆಸೆ ತೋರಿಸಿ ಉಳಿದವರ ಹೆಸರು ಹೇಳಿಸಿದ. ಒಬ್ಬ ಹೇಳಿದ್ದನ್ನು ಇನ್ನೊಬ್ಬನ ಮಾತಿನೊಂದಿಗೆ ತಾಳೆ ನೋಡಿದ. ಅವರ ವಂಶವೃಕ್ಷಗಳನ್ನೇ ಬರೆದಿಟ್ಟ. ಫಿರಂಗಿಯಾ ಎಂಬ ನಾಯಕನನ್ನು ಹಿಡಿಯುವುದಕ್ಕೆ ಮೊದಲು ಅವನ ಮನೆಯವರನ್ನು ಹಿಡಿದಿಟ್ಟ. ಅವನು ಸಿಕ್ಕ ಮೇಲೆ, ಸ್ಲೀಮನ್ ಡೇರೆ ಹಾಕಿದ್ದ ಮಾವಿನ ತೋಪಿನಲ್ಲಿಯೇ ನೆಲ ಅಗೆಸಿ ಹಳೆಯ ಹೆಣಗಳನ್ನು ತೋರಿಸಿದನಂತೆ. 1831ರಿಂದ 1837ರ ವರೆಗೆ ಸಿಕ್ಕವರು 3,266. ನೇಣಿಗೆ ಹೋದವರು 412. ಸರ್ಕಾರದ ಕಡೆ ಸಾಕ್ಷಿಗಳಾದವರು 483. ನೇಣಿಗಿಂತ ನಾಲಗೆಯದೇ ಲೆಕ್ಕ ಹೆಚ್ಚು. 1836ರ ಕಾಯಿದೆಯಂತೂ, ಇಂಥ ಕೊಲೆ ಮಾಡಿದನೆಂದು ತೋರಿಸದಿದ್ದರೂ, ಗುಂಪಿಗೆ ಸೇರಿದವನೆಂದು ಸ್ಥಾಪಿಸಿದರೆ ಜೀವಾವಧಿ ಶಿಕ್ಷೆ ಎಂದಿತು. ಗುಂಪಿಗೆ ಸೇರಿದವನೆಂದು ಹೇಳಬಲ್ಲವರು ಯಾರು? ಗುಂಪಿನೊಳಗಿದ್ದವರೇ.

ಇಷ್ಟು ಹೇಳುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬ ಎದ್ದು ಕೇಳಿದ: “ಸರ್, ಹೇಳಿಕೊಟ್ಟವರನ್ನ ಬಿಟ್ಟುಬಿಟ್ರಾ ಸರ್?”

ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ನಮ್ಮ ಭಾಷೆಯ ಚಮತ್ಕಾರ ನೋಡಿ: ಮೇಷ್ಟರು ಮಕ್ಕಳಿಗೆ ಪಾಠ ಮಾಡಿದರೂ ‘ಹೇಳಿಕೊಡುವುದೇ’, ಮಕ್ಕಳು ಒಬ್ಬರ ಮೇಲೊಬ್ಬರು ಮೇಷ್ಟರಿಗೆ ದೂರು ಒಯ್ದರೂ ‘ಹೇಳಿಕೊಡುವುದೇ’. ಮೊದಲನೆಯದರಿಂದ ನಾನು ಅನ್ನ ಉಣ್ಣುತ್ತಿದ್ದೇನೆ. ಎರಡನೆಯದನ್ನೂ ಒಮ್ಮೆ ಮಾಡಿದ್ದೇನೆ.

ಬಿಡಲಿಲ್ಲ ಎಂದು ಅವನಿಗೆ ಉತ್ತರ ಕೊಟ್ಟೆ. ನೇಣು ತಪ್ಪಿತು, ಅಷ್ಟೇ. ಜಬ್ಬಲ್ಪುರದಲ್ಲಿ ಅವರಿಗೊಂದು ಬಂದೋಬಸ್ತಿನ ವಸತಿ ಕಟ್ಟಿ, ಡೇರೆ ನೇಯಿಸಿ, ಜಮಖಾನೆ ನೇಯಿಸಿ, ಸಾಯುವವರೆಗೆ ಅಲ್ಲಿಯೇ ಇಟ್ಟರು. ಹೊರಗೆ ಬಿಟ್ಟಿದ್ದರೂ ಅವರು ಹೋಗುವುದಾದರೂ ಎಲ್ಲಿಗೆ? ಯಾವ ಊರಿನಲ್ಲಿ ಅವರಿಗೆ ಬಂಧುಗಳು ಉಳಿದಿದ್ದರು? ಮುಂದೆ ಸುರಪುರದಲ್ಲಿ ಬಹುಕಾಲ ಇದ್ದ ಮೆಡೋಸ್ ಟೇಲರ್ 1839ರಲ್ಲಿ ಅಚ್ಚು ಹಾಕಿಸಿದ ಠಕ್ಕನ ಕಾದಂಬರಿಯಲ್ಲೂ ಕಥೆ ಹೇಳುವವನು ಇಂಥದೇ ಒಬ್ಬ ಸಾಕ್ಷಿ. ಓದುವಾಗ ನನಗೆ ಅನಿಸುವುದು, ಅವನಿಗೆ ಆ ಬಿಳಿಯ ದೊರೆಯನ್ನು ಬಿಟ್ಟರೆ ಮಾತಾಡುವುದಕ್ಕೆ ಲೋಕದಲ್ಲಿ ಇನ್ನೊಬ್ಬರಿರಲಿಲ್ಲ.

ಇನ್ನೊಂದು ಮಾತನ್ನೂ ತರಗತಿಗೆ ಹೇಳಿದೆ. ಕುತ್ತಿಗೆ ಉಳಿಯಬೇಕಾದರೆ ಹೆಸರು ಹೇಳಬೇಕು ಎಂದಾಗ, ಹೇಳಿದ ಹೆಸರುಗಳೆಲ್ಲ ನಿಜವೇ? ಈಚಿನ ಇತಿಹಾಸಕಾರರು ಈ ಪ್ರಶ್ನೆಯನ್ನು ಕೇಳಿ, ಸ್ಲೀಮನ್ನನ ಚಿತ್ರದಲ್ಲಿ ಬಹಳಷ್ಟನ್ನು ಅನುಮಾನಿಸಿದ್ದಾರೆ. ಅದೇ ದಾರಿಯಲ್ಲಿ ಮುಂದೆ 1871ರಲ್ಲಿ ಕುಲಕ್ಕೆ ಕುಲವನ್ನೇ ಅಪರಾಧಿಯೆಂದು ಬರೆದಿಡುವ ಕಾಯಿದೆ ಬಂತು. ಮದರಾಸು ಪ್ರಾಂತದಲ್ಲಿದ್ದ ನಮ್ಮ ಜಿಲ್ಲೆಯ ಕೊರಚರಂಥ ಬಡವರು ರಾತ್ರಿ ಎಲ್ಲಿ ಮಲಗಿದೆವೆಂದು ಠಾಣೆಗೆ ಲೆಕ್ಕ ಒಪ್ಪಿಸಿದ ಕಾಲವೂ ಬಂದು ಹೋಯಿತು. 1952ರಲ್ಲಿ ಕಾಯಿದೆ ಹೋದರೂ ಆ ಹೆಸರು ಅವರ ಬೆನ್ನು ಬಿಡಲಿಲ್ಲ.

ಗಂಟೆ ಹೊಡೆಯಿತು. ಮಾವನ ವಿಷಯ ತರಗತಿಯಲ್ಲಿ ಹೇಳುವಂಥದಾಗಿರಲಿಲ್ಲ, ಇಲ್ಲಿ ಹೇಳುತ್ತೇನೆ.

ನನ್ನ ತಾಯಿಯ ತಮ್ಮ ಲಾರಿ ಚಾಲಕ. ನಮ್ಮೂರು ಕೊಟ್ಟೂರಿಗೆ ಹತ್ತಿರ. 2005ರ ಹೊತ್ತಿಗೆ ಸಂಡೂರು–ಹೊಸಪೇಟೆ ಕಡೆಯ ಅದಿರಿಗೆ ಚೀನಾ ದೇಶದಿಂದ ಬೇಡಿಕೆ ಬಂದು, ಗುಡ್ಡ ಕರಗಿ ರಸ್ತೆಗೆ ಇಳಿಯಿತು. ಕೂಡ್ಲಿಗಿಯ ಹೆದ್ದಾರಿಯಲ್ಲಿ ಹಗಲಿರುಳು ಲಾರಿ. ರಸ್ತೆ ಬದಿಯ ಬೇವಿನ ಮರ ಕೆಂಪು, ಹೋಟೆಲಿನ ಇಡ್ಲಿ ಕೆಂಪು, ಶಾಲೆಗೆ ಹೋಗುವ ಮಕ್ಕಳ ಬಿಳಿ ಅಂಗಿ ಕೆಂಪು. ನಮ್ಮ ಸುತ್ತಿನ ಹಳ್ಳಿಗಳಲ್ಲಿ ಎತ್ತು ಮಾರಿ, ಹೊಲ ಅಡವಿಟ್ಟು ಲಾರಿ ಕೊಂಡವರು ಬಹಳ. ಮಾವನಿಗೆ ಸ್ವಂತ ಲಾರಿ ಇರಲಿಲ್ಲ. ಹಗರಿಬೊಮ್ಮನಹಳ್ಳಿ ಕಡೆಯ ಒಬ್ಬ ಧಣಿಯ ಗಾಡಿ ಓಡಿಸುತ್ತಿದ್ದ. ಧಣಿಯ ಹೆಸರು ಇಲ್ಲಿ ಬೇಡ. ಅವನ ಮೇಲೆ ಇನ್ನೊಬ್ಬ ಧಣಿ ಇದ್ದ. ಆ ಇನ್ನೊಬ್ಬನ ಮೇಲೆ ಯಾರಿದ್ದರೆಂಬುದು ಮಾವನಿಗೂ ತಿಳಿಯದು.

ಕೆಲಸದ ಒಳಗುಟ್ಟನ್ನು ಮಾವನೇ ನನಗೆ ದೊಡ್ಡವನಾದ ಮೇಲೆ ಬಿಡಿಸಿ ಹೇಳಿದ್ದಾನೆ. ಪರ್ಮಿಟ್ಟಿನಲ್ಲಿ ಹದಿನಾರು ಟನ್ನು ಎಂದಿದ್ದರೆ ಗಾಡಿಯಲ್ಲಿ ಇಪ್ಪತ್ತೈದು. ತೂಕದ ಚೀಟಿ ಮಾತ್ರ ಹದಿನಾರನ್ನೇ ಹೇಳುವುದು. ತಪಾಸಣೆ ಠಾಣೆಯಲ್ಲಿ ಮುದ್ರೆ ಬೀಳದೆ ದಾಟಿದರೆ ಅದೇ ಕಾಗದ ಮರುದಿನ ಇನ್ನೊಂದು ಟ್ರಿಪ್ಪಿಗೆ. ಮುದ್ರೆ ಬೀಳದಂತೆ ನೋಡಿಕೊಳ್ಳುವುದು ಧಣಿಯ ಕೆಲಸ; ತಾನು ಏನೂ ನೋಡದಂತೆ ಇರುವುದು ಚಾಲಕನ ಕೆಲಸ. ಅದಕ್ಕಾಗಿ ಟ್ರಿಪ್ಪಿಗೆ ಇಷ್ಟೆಂದು ಕೈಗೆ ಬೇರೆಯಾಗಿ ಬರುತ್ತಿತ್ತು. ಮಾವ ಅದನ್ನು ಪಡೆದ. ನನ್ನ ಅವ್ವನ ಕಿವಿಯ ಓಲೆ ಆ ದುಡ್ಡಿನದೇ. ಆದ್ದರಿಂದ ಅವನನ್ನು ಸತ್ಯಹರಿಶ್ಚಂದ್ರನೆಂದು ನಾನು ಹೇಳಹೊರಟಿಲ್ಲ. ಮುಂದೆ ಲೋಕಾಯುಕ್ತ ವರದಿಯಲ್ಲಿ ಈ ಬಗೆಯ ಏರ್ಪಾಡಿಗೆ ‘ಝೀರೋ ರಿಸ್ಕ್’ ಎಂಬ ಹೆಸರನ್ನು ಓದಿ ನಾನು ಬೆರಗಾದೆ. ಪಾಲು ಕೊಟ್ಟವನ ಅದಿರು ಯಾವ ಅಡ್ಡಿಯೂ ಇಲ್ಲದೆ ಬಂದರಿಗೆ ಮುಟ್ಟುವುದು. ಕೊಡದವನ ಗಾಡಿ ರಸ್ತೆಯಲ್ಲೇ ನಿಲ್ಲುವುದು. ಅಪಾಯವೇ ಇಲ್ಲದ ಕಳ್ಳತನ! ತಂತಿ ಕಳ್ಳರಿಗೆ ಈ ಭಾಗ್ಯವಿರಲಿಲ್ಲ.

ಅಪಾಯವಿದ್ದುದು ಲಾರಿಯ ಕೆಳಗೆ. 2009ರ ಚಳಿಗಾಲದಲ್ಲಿ ಮಾವನ ಗಾಡಿಯ ಕ್ಲೀನರ್ ಹುಡುಗ ಟೈರು ಬದಲಿಸುವಾಗ ಜಾಕು ಜಾರಿ ಸತ್ತುಹೋದ. ನಮ್ಮೂರಿನವನೇ, ಹದಿನೇಳು ವರ್ಷ. ಇಂಥ ಹೆಸರಿನವನು ತನ್ನಲ್ಲಿ ಕೆಲಸಕ್ಕೇ ಇರಲಿಲ್ಲವೆಂದು ಧಣಿ ಕೈತೊಳೆದುಕೊಂಡ. ಹುಡುಗನ ತಾಯಿ ದಿನವೂ ಸಂಜೆ ಬಂದು ನಮ್ಮ ಅಜ್ಜಿಯ ಮನೆಯ ಕಟ್ಟೆಯ ಮೇಲೆ ಕೂಡುತ್ತಿದ್ದಳು. ಅಳುತ್ತಿರಲಿಲ್ಲ, ಬೈಯುತ್ತಿರಲಿಲ್ಲ, ದೀಪ ಹಚ್ಚುವ ಹೊತ್ತಿಗೆ ಎದ್ದು ಹೋಗುತ್ತಿದ್ದಳು. ಹೀಗೆ ಎರಡು ತಿಂಗಳು. ಮೂರನೆಯ ತಿಂಗಳು ಮಾವ ಹೋಗಿ ತನಿಖೆಯವರಿಗೆ ಎಲ್ಲ ಹೇಳಿಬಂದ. ಯಾವ ಯಾರ್ಡಿನಿಂದ ಎಷ್ಟು ಹೊತ್ತಿಗೆ ಗಾಡಿ ಹೊರಡುತ್ತದೆ, ತೂಕದ ಚೀಟಿ ಎಲ್ಲಿ ಬರೆಯುತ್ತಾರೆ, ಹಳೆಯ ಪರ್ಮಿಟ್ಟುಗಳ ಕಟ್ಟು ಯಾವ ಕಪಾಟಿನಲ್ಲಿ ಇದೆ.

“ನಾನೇನು ದೇಶ ಉದ್ಧಾರ ಮಾಡಾಕ ಹೇಳಿಲ್ಲೋ ಅಳಿಯಾ,” ಎಂದು ಅವನು ಆಮೇಲೆ ಒಮ್ಮೆ ಅಂದದ್ದುಂಟು. “ಆಕಿ ದಿನಾ ಬಂದು ಕುಂದರತಿದ್ಲು. ಒಂದಿನ ಬೈದಿದ್ರ ನಾನು ಸುಮ್ಮನಿರ್ತಿದ್ದೆ.”

ಯಾರ್ಡಿನ ಮೇಲೆ ದಾಳಿಯಾಯಿತು. ಕೆಲವು ಗಾಡಿಗಳು ಸಿಕ್ಕವು. ಅದರಿಂದ ಮಹತ್ತಾದದ್ದು ಏನೂ ಆಗಲಿಲ್ಲವೆಂದೇ ನನ್ನ ನಂಬಿಕೆ. 2011ರ ಜುಲೈ 27ರಂದು ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರು ಸಲ್ಲಿಸಿದ ವರದಿ ಸರ್ಕಾರಕ್ಕೆ 16,085 ಕೋಟಿ ರೂಪಾಯಿ ನಷ್ಟವನ್ನು ಲೆಕ್ಕ ಹಾಕಿತು. ಅನಧಿಕೃತವಾಗಿ ಹೊರದೇಶಕ್ಕೆ ಹೋದದ್ದು 2.98 ಕೋಟಿ ಟನ್ನು ಎಂದಿತು. ಆ ಮೊತ್ತದ ಮುಂದೆ ಮಾವನ ಮಾತು ಒಂದು ಬೊಗಸೆ ಅದಿರು. ಅಲ್ಲಿ ದೊಡ್ಡ ಸಾಕ್ಷಿಯಾದದ್ದು ಆದಾಯ ತೆರಿಗೆಯವರ ದಾಳಿಯಲ್ಲಿ ಸಿಕ್ಕ ಗಣಕಯಂತ್ರದ ದಾಖಲೆ: ಯಾರಿಗೆ ಯಾವ ದಿನ ಎಷ್ಟು ಕೊಟ್ಟದ್ದೆಂದು ಅವರವರೇ ಬರೆದಿಟ್ಟ ಲೆಕ್ಕ. ಕಳ್ಳತನಕ್ಕೂ ಲೆಕ್ಕ ಬೇಕು; ಲೆಕ್ಕ ಇಟ್ಟ ಮೇಲೆ ಹೇಳಿಕೊಡುವವನೊಬ್ಬನನ್ನು ಮನೆಯಲ್ಲೇ ಸಾಕಿಕೊಂಡ ಹಾಗೆ. ಆ ಯಂತ್ರವನ್ನು ಯಾರೂ ಚಾಡಿಕೋರ ಎನ್ನಲಿಲ್ಲ. ಜುಲೈ 29ಕ್ಕೆ ಸರ್ವೋಚ್ಚ ನ್ಯಾಯಾಲಯ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ, ನಮ್ಮ ಸುತ್ತಿನ ಲಾರಿಗಳೆಲ್ಲ ನಿಂತಲ್ಲೇ ತುಕ್ಕು ಹಿಡಿದವು. ಫೈನಾನ್ಸಿನವರು ಕೆಲವನ್ನು ಎಳೆದುಕೊಂಡು ಹೋದರು. ಹೊಲ ಅಡವಿಟ್ಟವರು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದರು. ಊರಿಗೆ ಇದರ ಕಾರಣ ಗೊತ್ತಿತ್ತು: ನಮ್ಮ ಮಾವ. ದಿಲ್ಲಿಯ ನ್ಯಾಯಮೂರ್ತಿಗಳಿಗೆ ಚಾಡಿ ಹೇಳಿದವನು ಇವನೇ! ಚಹದ ಅಂಗಡಿಯಲ್ಲಿ ಅವನು ಕುಳಿತ ಬೆಂಚು ಖಾಲಿಯಾಗುತ್ತಿತ್ತು. 2012ರಿಂದ ಗಣಿಗಳು ಒಂದೊಂದಾಗಿ ಮತ್ತೆ ತೆರೆದವು. ಆ ಬೆಂಚು ತುಂಬುವುದಕ್ಕೆ ಮಾತ್ರ ಇನ್ನೂ ಬಹುಕಾಲ ಹಿಡಿಯಿತು.

ಕಾನೂನು ಓದಿದ ಗೆಳೆಯನೊಬ್ಬ ನನಗೆ ಇಂಥವರ ಬಗ್ಗೆ ಒಂದಿಷ್ಟು ತಿಳಿಸಿದ. ಮಾವ ನ್ಯಾಯಾಲಯದ ಕಟ್ಟೆ ಹತ್ತಲೇ ಇಲ್ಲ. ಹತ್ತಿದ್ದರೆ ‘ಮಾಫಿ ಸಾಕ್ಷಿ’ ಆಗಬಹುದಿತ್ತಂತೆ. ತಪ್ಪಿನಲ್ಲಿ ಪಾಲುಗೊಂಡವನು ಇದ್ದದ್ದನ್ನು ಇದ್ದಂತೆ ಹೇಳುವುದಾದರೆ ನ್ಯಾಯಾಧೀಶರು ಕ್ಷಮೆ ನೀಡಬಹುದು. ಆದರೆ ಮೊದಲೇ ಜಾಮೀನಿನ ಮೇಲೆ ಇರದಿದ್ದರೆ, ವಿಚಾರಣೆ ಮುಗಿಯುವವರೆಗೂ ಅವನು ಬಂಧನದಲ್ಲೇ ಇರತಕ್ಕದ್ದು. ಇನ್ನೊಂದು ಸ್ವಾರಸ್ಯ: 1872ರ ಸಾಕ್ಷ್ಯ ಕಾಯಿದೆ ಒಂದು ಕಡೆ, ಜೊತೆಗಾರನ ಸಾಕ್ಷ್ಯವೊಂದರಿಂದಲೇ ಶಿಕ್ಷೆ ಕೊಟ್ಟರೂ ತಪ್ಪಿಲ್ಲ ಎನ್ನುತ್ತಿತ್ತು, ಇನ್ನೊಂದು ಕಡೆ, ಬೇರೆ ಆಧಾರವಿಲ್ಲದೆ ಅವನ ಮಾತು ನಂಬಿಕೆಗೆ ಅರ್ಹವಲ್ಲವೆಂದು ಬಗೆಯಬಹುದು ಎನ್ನುತ್ತಿತ್ತು. ಒಂದೂವರೆ ನೂರು ವರ್ಷ ಕಾಯಿದೆ ಹೀಗೆ ಎರಡು ಮನಸ್ಸಿನಲ್ಲೇ ಕಳೆಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಅಧಿನಿಯಮ ಆ ಮೊದಲ ವಾಕ್ಯದಲ್ಲಿಯೇ ‘ಬೇರೆ ಸಾಕ್ಷ್ಯದಿಂದ ಸಮರ್ಥಿತವಾದ’ ಎಂಬ ಅರ್ಥದ ಮಾತನ್ನು ಸೇರಿಸಿಕೊಂಡಿದೆ. ನಮ್ಮೂರ ಚಹದಂಗಡಿಯ ನಿಲುವಿಗೆ ಅದು ಒಂದು ಹೆಜ್ಜೆ ಹತ್ತಿರ ಬಂದಂತಾಯಿತೆಂದು ನನ್ನ ಕುಚೋದ್ಯ. ಸಾಕ್ಷಿಗಳ ರಕ್ಷಣೆಗೆಂದು ಒಂದು ಯೋಜನೆಯನ್ನು ಸರ್ವೋಚ್ಚ ನ್ಯಾಯಾಲಯ ಒಪ್ಪಿ ಜಾರಿಗೊಳಿಸಿದ್ದು 2018ರ ಡಿಸೆಂಬರಿನಲ್ಲಿ. ಮಾವನ ಕಾಲು ಮುರಿದದ್ದು 2010ರ ಏಪ್ರಿಲಿನಲ್ಲಿ.

ಈಗ ಆ ಏಪ್ರಿಲಿಗೆ ಬರಬೇಕು. ಇಷ್ಟು ಹೊತ್ತು ಸುತ್ತು ಹಾಕಿದ್ದು ಅದಕ್ಕೆ ಬರಲಾರದೆಯೇ ಎಂದು ಚತುರ ವಾಚಕರು ಊಹಿಸಿರಬಹುದು.

ದಾಳಿಯಾದ ಮೇಲೆ ಧಣಿಯ ಕಡೆಯವರಿಗೆ ಅನುಮಾನ ಬಂತು. ಮಾವ ಊರು ಬಿಟ್ಟು ತನ್ನ ಅಕ್ಕನ ಮನೆಗೆ, ಎಂದರೆ ನನ್ನ ದೊಡ್ಡವ್ವನ ಊರಿಗೆ ಹೋದ. ಹಡಗಲಿಗೆ ನಾಲ್ಕೈದು ಮೈಲಿ. ದೊಡ್ಡಪ್ಪನವರದು ಮಲ್ಲಿಗೆ ತೋಟ. ಹಡಗಲಿ ಮಲ್ಲಿಗೆಯ ವಿಷಯ ನಾನು ಹೇಳಬೇಕಾಗಿಲ್ಲ. ದೊಡ್ಡಪ್ಪ ಶುಕ್ರವಾರಕ್ಕೊಮ್ಮೆ ಬಾಳೆ ಎಲೆಯಲ್ಲಿ ಹೂ ಕಟ್ಟಿ, ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಟ್ಟು ನಮ್ಮ ಅವ್ವನಿಗೆ ಕಳಿಸುತ್ತಿದ್ದರು. ಮಾತು ಕಡಿಮೆ, ಸ್ವಲ್ಪ ಸಿಡುಕು. ಭಾವಮೈದುನ ಬಂದು ಇಂಥ ಭಯವನ್ನು ಮನೆಗೆ ತಂದದ್ದು ಅವರಿಗೆ ಹಿಡಿಸಲಿಲ್ಲ. ಹಿಡಿಸಲಿಲ್ಲವೆಂದು ಎದುರಿಗೇ ಹೇಳಿದರು ಸಹ. ಆದರೂ ತೋಟದ ಗುಡಿಸಲಿನಲ್ಲಿ ಹಾಸಿಗೆ ಹಾಕಿಸಿ, ಮೂರು ಹೊತ್ತೂ ಬುತ್ತಿಯನ್ನು ತಾವೇ ಒಯ್ಯುತ್ತಿದ್ದರು.

ಬೇಸಗೆಯ ರಜಕ್ಕೆ ನಾನೂ ಅಲ್ಲಿಗೆ ಹೋಗಿದ್ದೆ. ನನಗೆ ಹನ್ನೊಂದು ವರ್ಷ. ಮಾವ ತೋಟದಲ್ಲಿದ್ದಾನೆಂದು ಯಾರ ಮುಂದೆಯೂ ಅನ್ನಬಾರದೆಂದು ಅವ್ವ ಹೊರಡುವಾಗಲೇ ಆಣೆ ಹಾಕಿಸಿದ್ದಳು. ಆ ಹಿಂದಿನ ದಿನ ಬಾವಿಯಲ್ಲಿ ಇಣುಕಿದೆನೆಂದು ಮಾವ ನನ್ನ ಕೆನ್ನೆಗೆ ಬಾರಿಸಿದ್ದ. ಹೆಂಗಸರು ಮಕ್ಕಳು ನೋಡುತ್ತಿರುವಾಗ ಬಿದ್ದ ಆ ಏಟು ಮರುದಿನವೂ ಮುಖದ ಮೇಲೆ ಇದ್ದಂತೆಯೇ ಇತ್ತು. ಊರ ಮುಂದಿನ ಕಟ್ಟೆಯ ಬಳಿ ಗೋಲಿ ಆಡುತ್ತಿದ್ದಾಗ ಬಿಳಿಯ ಜೀಪೊಂದು ಬಂದು ನಿಂತಿತು. ಇಬ್ಬರು ಇಳಿದರು. ಒಳ್ಳೆಯ ಬಟ್ಟೆ, ಮೆತ್ತಗಿನ ಮಾತು. ಮಾವನ ಹೆಸರು ಹೇಳಿ, ಅವನಿಗೆ ಸಂಬಳದ ಬಾಕಿ ಕೊಡುವುದಿದೆ, ಎಲ್ಲಿದ್ದಾನೆ ಬಲ್ಲೆಯಾ ಎಂದು ಕೇಳಿದರು. ಉಳಿದ ಹುಡುಗರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಅವರ ಮಾತನ್ನು ನಂಬಿದೆನೆಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ನಂಬಿರಲಿಲ್ಲ. ಮಾವನಿಗೆ ಯಾರಾದರೂ ಒಂದು ಏಟು ಹಾಕಲಿ ಎಂಬಷ್ಟು ಆಸೆ ಇತ್ತು. ಎಲ್ಲ ಹುಡುಗರ ಮುಂದೆ ಬಲ್ಲವನೆನಿಸಿಕೊಳ್ಳುವ ಆಸೆ ಅದಕ್ಕಿಂತ ಹೆಚ್ಚು ಇತ್ತು. ಕೈ ಎತ್ತಿ ತೋಟದ ದಾರಿ ತೋರಿಸಿದೆ. ಅವರು ಐವತ್ತು ರೂಪಾಯಿಯ ನೋಟೊಂದನ್ನು ಕೈಯಲ್ಲಿಟ್ಟರು. ಸ್ಲೀಮನ್ನನ ಸಾಕ್ಷಿಗಳಿಗೆ ಕುತ್ತಿಗೆಯ ಭಯವಾದರೂ ಇತ್ತು.

ಎಡಗಾಲು ಮೊಣಕಾಲಿನ ಕೆಳಗೆ ಎರಡು ಕಡೆ ಮುರಿದಿತ್ತು. ಹಡಗಲಿಯಲ್ಲಿ ತೋರಿಸಿದರೆ ಸುದ್ದಿ ಹಬ್ಬೀತೆಂದು ದೊಡ್ಡಪ್ಪ ರಾತ್ರೋರಾತ್ರಿ ಹರಪನಹಳ್ಳಿಗೆ ಒಯ್ದರು. ಹರಪನಹಳ್ಳಿ ಆಗ ದಾವಣಗೆರೆ ಜಿಲ್ಲೆಗೆ ಸೇರಿತ್ತು. ಜಿಲ್ಲೆಯ ಗಡಿ ದಾಟಿದರೆ ಮಾತೂ ದಾಟಲಾರದೆಂದು ಅವರ ಲೆಕ್ಕ. ಆಸ್ಪತ್ರೆಯಲ್ಲಿ ಬೈಕಿನಿಂದ ಬಿದ್ದದ್ದೆಂದು ಬರೆಸಿದರು. ಯಾರೂ ಯಾರ ಮೇಲೂ ಫಿರ್ಯಾದಿ ಕೊಡಲಿಲ್ಲ. ಅಂದಿನಿಂದ ಮಾವ ಲಾರಿ ಹತ್ತಲಿಲ್ಲ.

ಜಾಗ ತೋರಿಸಿದವರು ಯಾರು ಎಂಬ ಪ್ರಶ್ನೆ ಹುಟ್ಟಿತು. ಗೋಲಿಯಾಡುತ್ತಿದ್ದ ಹುಡುಗರನ್ನು ಯಾರು ಕೇಳುತ್ತಾರೆ? ಮಾವ ಬಂದದ್ದು ಹಿಡಿಸಲಿಲ್ಲವೆಂದು ಬಾಯಿಬಿಟ್ಟು ಹೇಳಿದ್ದವರು ದೊಡ್ಡಪ್ಪ ಒಬ್ಬರೇ. ಗುಡಿಸಲಿನ ದಾರಿ ನಡೆದವರೂ ಅವರೊಬ್ಬರೇ. ನಮ್ಮ ಅಜ್ಜಿಯ ಮನೆಯಲ್ಲಿ ಯಾರೂ ನೇರವಾಗಿ ಅನ್ನಲಿಲ್ಲ. ಉಗಾದಿಗೆ ಕರೆಯುವುದು ನಿಂತಿತು. ದೊಡ್ಡವ್ವ ತವರಿಗೆ ಬರುವುದು ನಿಂತಿತು. ಶುಕ್ರವಾರದ ಬಸ್ಸಿನಲ್ಲಿ ಹೂವು ಬರುವುದೂ ನಿಂತಿತು. ದೊಡ್ಡಪ್ಪನವರು ಒಮ್ಮೆಯೂ ‘ನಾನಲ್ಲ’ ಎಂದು ಹೇಳಲು ಬರಲಿಲ್ಲ. ಹಾಗೆ ಹೇಳದಿದ್ದುದನ್ನೇ ನಮ್ಮವರು ಒಪ್ಪಿಗೆಯೆಂದು ತಿಳಿದರು. ನಾನು ಎಲ್ಲವನ್ನೂ ಕೇಳುತ್ತ, ಉಣ್ಣುತ್ತ, ಬೆಳೆಯುತ್ತ ಇದ್ದೆ. ಆ ಐವತ್ತು ರೂಪಾಯಿಯನ್ನು ಸಮಾಜ ವಿಜ್ಞಾನದ ಪುಸ್ತಕದಲ್ಲಿ ಅಡಗಿಸಿಟ್ಟಿದ್ದೆ. ಹನ್ನೊಂದರ ಹುಡುಗನ ಕೈಯಲ್ಲಿ ಅಷ್ಟು ದುಡ್ಡು ಎಲ್ಲಿಂದ ಬಂತೆಂದು ಕೇಳುವರಾದ್ದರಿಂದ ಖರ್ಚು ಮಾಡುವಂತೆಯೂ ಇಲ್ಲ. ಕೊನೆಗೆ ಕೊಟ್ಟೂರೇಶ್ವರನ ಹುಂಡಿಗೆ ಹಾಕಿದೆ. ದೇವರಿಗೂ ಪಾಲು ಮುಟ್ಟಿಸಿದ ಹಾಗಾಯಿತೇನೋ.

ದೊಡ್ಡಪ್ಪ ಎರಡು ವರ್ಷದ ಹಿಂದೆ ತೀರಿಕೊಂಡರು. ಮಣ್ಣಿಗೆ ನಮ್ಮ ಕಡೆಯಿಂದ ಹೋದವನು ಮಾವ ಒಬ್ಬನೇ, ಕೋಲೂರಿಕೊಂಡು.

ಹೋದ ಸಲದ ಕೊಟ್ಟೂರು ಜಾತ್ರೆಯಲ್ಲಿ ನಾನು, ಮಾವ ಇಬ್ಬರೂ ರಾತ್ರಿ ಕಂಪನಿ ನಾಟಕಕ್ಕೆ ಹೋದೆವು. ಸಿಂಧೂರ ಲಕ್ಷ್ಮಣ. ಬ್ರಿಟಿಷರ ಕಡತದಲ್ಲಿ ದರೋಡೆಕೋರ, ಜನರ ಬಾಯಲ್ಲಿ ವೀರ. 1922ರಲ್ಲಿ ಬೀಳಗಿ ಸೀಮೆಯಲ್ಲಿ ಪೊಲೀಸರ ಗುಂಡಿಗೆ ಬಿದ್ದವನು. ನಮ್ಮ ಉತ್ತರದ ಸೀಮೆಯ ಕಂಪನಿಗಳಿಗೆ ಈ ನಾಟಕ ಎಂದೂ ಬತ್ತದ ಬಾವಿ. ನಂಬಿಸಿ ಹಿಡಿದುಕೊಡುವ ಗೌಡನ ಪಾತ್ರಧಾರಿ ರಂಗಕ್ಕೆ ಬಂದಾಗಲೆಲ್ಲ ಜನ ಸಿಳ್ಳು ಹೊಡೆದು ಬೈದರು. ಹಿಂದಿನ ಸಾಲಿನ ಒಬ್ಬ ಮುದುಕಿ ಮಣ್ಣು ತೂರಿದಳು. ಆ ನಟ ಎಂಥ ನಟನಯ್ಯಾ! ಊಟಕ್ಕೆ ಕರೆಯುವಾಗ ಅವನ ದನಿ ಸಕ್ಕರೆಯಂತಿತ್ತು. ಆಟ ಮುಗಿದ ಮೇಲೆ ಎಲ್ಲರೂ ಲಕ್ಷ್ಮಣನ ಪಾತ್ರಧಾರಿಗೆ ನೋಟು ಚುಚ್ಚಲು ಮುಗಿಬಿದ್ದರು. ಮಾವ ಕೋಲೂರಿಕೊಂಡು ರಂಗದ ಹಿಂದಕ್ಕೆ ಹೋಗಿ, ಬಣ್ಣ ಒರೆಸುತ್ತ ಒಂಟಿಯಾಗಿ ಕುಳಿತಿದ್ದ ಆ ಗೌಡನ ಅಂಗಿಗೆ ನೂರರ ನೋಟೊಂದನ್ನು ಚುಚ್ಚಿ ಬಂದ.

ಹೊರಗೆ ಮಂಡಕ್ಕಿ ಅಂಗಡಿಯ ಬಳಿ ನಿಂತು ನಾನು ಹೇಳಿಬಿಟ್ಟೆ. ಜೀಪು, ಗೋಲಿ, ಐವತ್ತು ರೂಪಾಯಿ, ಎಲ್ಲ. ಮಾವ ಮಂಡಕ್ಕಿಯ ಪೊಟ್ಟಣವನ್ನು ಮಡಿಚಿ ಮಡಿಚಿ ಸಣ್ಣದು ಮಾಡಿದ. ಬಹಳ ಹೊತ್ತು ಏನೂ ಅನ್ನಲಿಲ್ಲ.

“ನನ್ನ ಮುಂದ ಯಾಕ ಹೇಳ್ತೀ?” ಎಂದ ಕೊನೆಗೆ. “ನನಗ ಕಾಲು ಹೋತು, ಹೋತು. ಹೇಳಬೇಕಾದ್ದು ನಿಮ್ಮ ದೊಡ್ಡವ್ವಗ. ನಡಿ.”

ಬೆಳಗಿನ ಬಸ್ಸಿಗೆ ಹೊರಟೆವು. ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸುವಾಗ ಮಾವ ಒಂದು ಗೊನೆ ಬಾಳೆಹಣ್ಣು ಕೊಂಡ. ನಾವು ಮುಟ್ಟಿದಾಗ ದೊಡ್ಡವ್ವ ಪಡಸಾಲೆಯಲ್ಲಿ ಮೊಗ್ಗು ಮುಂದಿಟ್ಟುಕೊಂಡು ಹೂ ಕಟ್ಟುತ್ತಿದ್ದಳು. ಗೋಡೆಯ ಮೇಲೆ ದೊಡ್ಡಪ್ಪನವರ ಪಟ. ನಾನು ನಿಂತುಕೊಂಡೇ ಹೇಳಿದೆ. ತರಗತಿಯಲ್ಲಿ ದಿನಕ್ಕೆ ನಾಲ್ಕು ಗಂಟೆ ಮಾತಾಡುವ ನನಗೆ ಆ ನಾಲ್ಕು ಮಾತು ಮುಗಿಸುವಷ್ಟರಲ್ಲಿ ಬಾಯಿ ಒಣಗಿತು. ಅವಳ ಕೈ ನಿಲ್ಲಲಿಲ್ಲ. ಮಾಲೆಯನ್ನು ತುದಿಯವರೆಗೆ ಕಟ್ಟಿ, ಗಂಟು ಹಾಕಿ, ಹಲ್ಲಿನಿಂದ ದಾರ ಕಡಿದಳು.

“ಅವರು ಇದ್ದಾಗ ಬರಬೇಕಿತ್ತು,” ಎಂದಳು.

ಬಾಳೆಹಣ್ಣಿನ ಗೊನೆ ಹೊಸ್ತಿಲ ಬಳಿಯೇ ಇತ್ತು. ಮಧ್ಯಾಹ್ನವಾಗಿತ್ತು, ಒಳಗೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಊಟಕ್ಕೆ ಏಳಿರೆಂದು ಯಾರೂ ಅನ್ನಲಿಲ್ಲ. ಮಾವನೂ ನಾನೂ ಸ್ವಲ್ಪ ಹೊತ್ತು ಕುಳಿತಿದ್ದು, ಎರಡು ಗಂಟೆಯ ಬಸ್ಸಿಗೆ ಎದ್ದು ಬಂದೆವು.